ಲ್ಯಾಬ್ ಬಂದರೆ ಪಾಠ ಬಂದಂತೆಯೇ? ಪ್ರೌಢಶಾಲೆಯಲ್ಲಿ ಡಿಜಿಟಲ್ ಚಿತ್ರಕಲೆಯ ಪ್ರಶ್ನೆ

2026ರ ಫೆಬ್ರುವರಿ 1ರಂದು ಮಂಡನೆಯಾದ ಕೇಂದ್ರ ಬಜೆಟ್‌ನಲ್ಲಿ ಒಂದು ಘೋಷಣೆ ಇತ್ತು. ದೇಶದ 15,000 ಪ್ರೌಢಶಾಲೆಗಳಲ್ಲಿ ಮತ್ತು 500 ಕಾಲೇಜುಗಳಲ್ಲಿ ‘ಎವಿಜಿಸಿ ಕಂಟೆಂಟ್ ಕ್ರಿಯೇಟರ್ ಲ್ಯಾಬ್’ ತೆರೆಯಲು ಮುಂಬೈನ ಭಾರತೀಯ ಸೃಜನಶೀಲ ತಂತ್ರಜ್ಞಾನ ಸಂಸ್ಥೆಗೆ ನೆರವು ಕೊಡಲಾಗುವುದು ಎಂಬುದೇ ಅದು. ಎವಿಜಿಸಿ ಎಂದರೆ ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್. 2030ರ ಹೊತ್ತಿಗೆ ಈ ಉದ್ಯಮಕ್ಕೆ 20 ಲಕ್ಷ ಜನ ಬೇಕಾಗುತ್ತಾರೆ ಎಂಬ ಅಂದಾಜನ್ನೂ ಅದೇ ಭಾಷಣದಲ್ಲಿ ಹೇಳಲಾಯಿತು.

ಸುದ್ದಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಪಾಲಕರನ್ನು ಮುಟ್ಟುವಷ್ಟರಲ್ಲಿ ಹಲವು ರೂಪ ತಾಳಿತು. ಇದು ಕಂಪ್ಯೂಟರ್ ಪಾಠವೋ, ಚಿತ್ರಕಲೆಯೋ, ರೀಲ್ಸ್ ಮಾಡಲು ಕಲಿಸುವುದೋ? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿದೆಯೋ? ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕೈಬಿಟ್ಟ ಕರ್ನಾಟಕಕ್ಕೆ ಇದು ಅನ್ವಯಿಸುತ್ತದೆಯೋ? ಪ್ರಶ್ನೆಗಳೆಲ್ಲ ನ್ಯಾಯವಾದವು. ಆದರೆ ಇವಕ್ಕೆ ಉತ್ತರ ಒಂದೇ ಕಡೆ ಸಿಗುವುದಿಲ್ಲ, ಏಕೆಂದರೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶದಿಂದ ಹೊರಟ ಯೋಜನೆಗಳು ಒಂದೇ ಸುದ್ದಿಯಲ್ಲಿ ಬೆರೆತುಹೋಗಿವೆ.

ಬೆರೆತುಹೋದ ಎಳೆಗಳು

ಮೊದಲನೆಯದು ನಮ್ಮ ಶಾಲೆಗಳಲ್ಲಿ ಹಿಂದಿನಿಂದಲೂ ಇರುವ ಚಿತ್ರಕಲೆಯ ತರಗತಿ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಗಳಲ್ಲಿ ಇದರ ಪಾಲು ಸೊನ್ನೆ. ದೈಹಿಕ ಶಿಕ್ಷಣದಂತೆ ಇದಕ್ಕೂ ಶಾಲೆಯ ಮಟ್ಟದಲ್ಲಿ ಶ್ರೇಣಿ ಕೊಡುತ್ತಾರೆ. ಇದರ ಹೊರಗೆ ಲೋವರ್ ಗ್ರೇಡ್ ಮತ್ತು ಹೈಯರ್ ಗ್ರೇಡ್ ಎಂಬ ಚಿತ್ರಕಲಾ ಪರೀಕ್ಷೆಗಳಿವೆ. ಆಸಕ್ತ ಮಕ್ಕಳು ಅವನ್ನು ತಾವಾಗಿ ಕಟ್ಟುತ್ತಾರೆ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಇಂಥದೇ ಪರೀಕ್ಷೆ ಪಾಸಾದ ಮಗುವಿಗೆ ಹತ್ತನೆಯ ತರಗತಿಯಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ ಎಂಬುದನ್ನು ಬೆಳಗಾವಿಯ ಪಾಲಕರು ಆಗಾಗ ಎತ್ತಿ ಹೇಳುವುದುಂಟು.

ಎರಡನೆಯದು ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಎಂದು ಕರೆಯಲಾಗುವ ವೃತ್ತಿ ಶಿಕ್ಷಣ. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ 9ನೇ ತರಗತಿಯಿಂದ ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಆ್ಯಂಡ್ ವೆಲ್‌ನೆಸ್‌ನಂಥ ವಿಷಯಗಳನ್ನು ಮಕ್ಕಳು ತೃತೀಯ ಭಾಷೆಯ ಬದಲು ಓದುತ್ತಾರೆ. ಇದರಲ್ಲಿ ಕಂಪ್ಯೂಟರ್ ಇದೆ, ಆದ್ದರಿಂದ ವಿನ್ಯಾಸವೂ ಇರಬೇಕು ಎಂದು ಅನೇಕರು ಭಾವಿಸುತ್ತಾರೆ. ಆದರೆ 9 ಮತ್ತು 10ನೇ ತರಗತಿಯ ಮಾಹಿತಿ ತಂತ್ರಜ್ಞಾನ ಪಠ್ಯವನ್ನು ರೂಪಿಸಿರುವುದು ‘ಡೊಮೆಸ್ಟಿಕ್ ಡೇಟಾ ಎಂಟ್ರಿ ಆಪರೇಟರ್’ ಎಂಬ ಉದ್ಯೋಗಕ್ಕೆ. ವೇಗವಾಗಿ, ತಪ್ಪಿಲ್ಲದೆ ಬೆರಳಚ್ಚು ಮಾಡುವುದು ಒಂದು ಕೌಶಲ, ಒಂದು ಭಿತ್ತಿಪತ್ರದಲ್ಲಿ ಕಣ್ಣು ಮೊದಲು ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವುದು ಬೇರೆಯೇ ಕೌಶಲ.

ಮೂರನೆಯದು ಕೃತಕ ಬುದ್ಧಿಮತ್ತೆಯ ಪಠ್ಯ. 2026-27ನೇ ಸಾಲಿನಿಂದ 3ನೇ ತರಗತಿಯಿಂದಲೇ ಇದನ್ನು ತರುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಈಗ ಘೋಷಣೆಯಾಗಿರುವ ಲ್ಯಾಬ್‌ಗಳದು ನಾಲ್ಕನೆಯ ಎಳೆ. ಅವುಗಳ ಮೂಲ ಶಿಕ್ಷಣ ನೀತಿಯಲ್ಲಿಲ್ಲ, ಉದ್ಯಮ ನೀತಿಯಲ್ಲಿದೆ. 2022ರ ಕೇಂದ್ರ ಬಜೆಟ್‌ನಲ್ಲಿ ಈ ಉದ್ಯಮಕ್ಕಾಗಿ ಕಾರ್ಯಪಡೆಯೊಂದನ್ನು ಘೋಷಿಸಲಾಯಿತು. ಅದರ ವರದಿ ಬಂದ ಮೇಲೆ 2024ರಲ್ಲಿ ಮುಂಬೈ ಸಂಸ್ಥೆಗೆ ಸಂಪುಟದ ಒಪ್ಪಿಗೆ ಸಿಕ್ಕಿತು. ಆ ಸರಣಿಯ ಮುಂದಿನ ಕೊಂಡಿಯೇ ಈ ಲ್ಯಾಬ್‌ಗಳು. ಉದ್ಯಮಕ್ಕೆ ಜನ ಬೇಕು ಎಂಬಲ್ಲಿಂದ ಹೊರಟ ಯೋಜನೆಗೂ ಮಗುವಿಗೆ ಏನು ಬೇಕು ಎಂಬಲ್ಲಿಂದ ಹೊರಟ ಯೋಜನೆಗೂ ತರಗತಿಯೊಳಗೆ ವ್ಯತ್ಯಾಸ ಕಾಣಿಸುತ್ತದೆ. ಗೊಂದಲದ ಬೇರು ಇರುವುದು ಇಲ್ಲಿ.

ದೆಹಲಿಯ ಘೋಷಣೆ, ರಾಜ್ಯದ ಶಾಲೆ

1976ರ 42ನೇ ತಿದ್ದುಪಡಿಯ ನಂತರ ಶಿಕ್ಷಣವು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರ ಸರ್ಕಾರ ಹಣ ಮತ್ತು ಯಂತ್ರ ಕೊಡಬಹುದು. ರಾಜ್ಯದ ಶಾಲೆಯ ವೇಳಾಪಟ್ಟಿಯಲ್ಲಿ ಒಂದು ಅವಧಿ ಕೊಡುವವರು, ಆ ಅವಧಿಗೆ ಶಿಕ್ಷಕರನ್ನು ನೇಮಿಸುವವರು, ಪರೀಕ್ಷೆಯಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ರಾಜ್ಯದವರು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾ ಶಿಕ್ಷಣವನ್ನೂ ವೃತ್ತಿ ಶಿಕ್ಷಣವನ್ನೂ 9 ಮತ್ತು 10ನೇ ತರಗತಿಯಲ್ಲಿ ಉಳಿದ ವಿಷಯಗಳ ಸಾಲಿನಲ್ಲೇ ಇರಿಸಿದೆ. ಕರ್ನಾಟಕ ಬೇರೆ ದಾರಿ ಹಿಡಿದು, ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದಿಂದ 2025ರ ಆಗಸ್ಟ್‌ನಲ್ಲಿ ತನ್ನದೇ ವರದಿ ಪಡೆದಿದೆ. ಆದ್ದರಿಂದ ಲ್ಯಾಬ್ ಒಂದು ಕಡೆಯಿಂದ ಬಂದು, ಪಠ್ಯಕ್ರಮ ಇನ್ನೊಂದು ಕಡೆಯಿಂದ ಬರಬೇಕಾದ ಸ್ಥಿತಿ ಇದೆ.

ಸಂಖ್ಯೆಯನ್ನೂ ನೆಲದ ಮೇಲಿಟ್ಟು ನೋಡಬೇಕು. ದೇಶದಲ್ಲಿ 750ಕ್ಕೂ ಹೆಚ್ಚು ಜಿಲ್ಲೆಗಳಿವೆ. 15,000 ಲ್ಯಾಬ್‌ಗಳನ್ನು ಸಮನಾಗಿ ಹಂಚಿದರೂ ಒಂದು ಜಿಲ್ಲೆಯ ಪಾಲು 20ನ್ನು ದಾಟದು. ಆಡಳಿತಕ್ಕಾಗಿ ಬೆಳಗಾವಿ ಮತ್ತು ಚಿಕ್ಕೋಡಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ಒಡೆಯಬೇಕಾದಷ್ಟು ದೊಡ್ಡದಾದ ಬೆಳಗಾವಿಯಂಥ ಜಿಲ್ಲೆಯಲ್ಲಿ ಇದು ಎಷ್ಟು ಮಕ್ಕಳನ್ನು ತಲುಪೀತು ಎಂಬುದನ್ನು ಊಹಿಸಬಹುದು. ಹೀಗಾಗಿ ಲ್ಯಾಬ್ ಸಿಗದ ಶಾಲೆಯಲ್ಲಿ ಏನು ಕಲಿಸಬಹುದು ಎಂಬ ಪ್ರಶ್ನೆಯೇ ಹೆಚ್ಚು ಮಕ್ಕಳಿಗೆ ಸಂಬಂಧಪಟ್ಟ ಪ್ರಶ್ನೆ.

ವಿನ್ಯಾಸ ಎಂದರೆ ಏನನ್ನು ಕಲಿಯುವುದು?

ಗ್ರಾಫಿಕ್ ವಿನ್ಯಾಸ ಎಂದರೆ ಫೋಟೊಶಾಪ್ ಅಥವಾ ಕೋರೆಲ್‌ಡ್ರಾ ಕಲಿಯುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಇದು ಲೆಕ್ಕಪತ್ರ ಶಾಸ್ತ್ರವನ್ನು ಕ್ಯಾಲ್ಕ್ಯುಲೇಟರ್ ಒತ್ತುವ ಕಲೆ ಎಂದಂತಾಗುತ್ತದೆ. ವಿನ್ಯಾಸಕಾರನ ಮುಂದೆ ಯಾವಾಗಲೂ ಒಂದು ಸಮಸ್ಯೆ ಇರುತ್ತದೆ: ಯಾರಿಗೆ, ಎಷ್ಟು ದೂರದಿಂದ, ಎಷ್ಟು ಹೊತ್ತಿನಲ್ಲಿ, ಯಾವ ವಿಷಯ ತಲುಪಬೇಕು?

ಉದಾಹರಣೆಗೆ, ಗೋಕಾಕ ಅಥವಾ ಅಮೀನಗಡದ ಕರದಂಟಿನ ಪೊಟ್ಟಣಕ್ಕೆ ಲೇಬಲ್ ಮಾಡುವ ಕೆಲಸವನ್ನು 9ನೇ ತರಗತಿಗೆ ಕೊಟ್ಟರು ಎಂದುಕೊಳ್ಳೋಣ. ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಇರಲೇಬೇಕು, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ಘಟಕ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ನಿವ್ವಳ ತೂಕ, ತಯಾರಿಕೆಯ ದಿನಾಂಕ, ಬೆಲೆ ಇರಬೇಕು. ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕೆಂದು ನಿಯಮವಿದೆ, ಜೊತೆಗೆ ಬೇರೆ ಭಾಷೆಯನ್ನೂ ಬಳಸಬಹುದು. ಇಷ್ಟೆಲ್ಲ ಅಂಗೈಯಗಲದ ಜಾಗದಲ್ಲಿ ಹಿಡಿಸಿ, ಕನ್ನಡದ ಹೆಸರು ಎದ್ದು ಕಾಣುವಂತೆಯೂ ಮಾಡಬೇಕು. ಈ ಒಂದು ಕೆಲಸದಲ್ಲಿ ಮಗು ಭಾಷೆ, ಕಾನೂನು, ಗಣಿತ, ಬಣ್ಣ, ಅಳತೆ ಎಲ್ಲವನ್ನೂ ಮುಟ್ಟುತ್ತದೆ. ಇದರ ಮೊದಲ ಅರ್ಧ ಭಾಗಕ್ಕೆ ಕಾಗದ, ಪೆನ್ಸಿಲ್, ಕತ್ತರಿ ಸಾಕು. ಕಂಪ್ಯೂಟರ್ ಬೇಕಾಗುವುದು ಆಮೇಲೆ.

ಡಿಜಿಟಲ್ ಚಿತ್ರದ ಮೂಲ ತತ್ವವೂ ಈ ಭಾಗಕ್ಕೆ ಹೊಸದಲ್ಲ. ಕಂಪ್ಯೂಟರಿನ ಪರದೆಯ ಮೇಲಿನ ಚಿತ್ರ ಸಣ್ಣ ಚೌಕಗಳಿಂದಾದದ್ದು, ಆ ಚೌಕಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಕಸೂತಿ ಹಾಕುವ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿ ಗವಂತಿ, ಮುರಗಿ ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆಗಳನ್ನು ಮೂಡಿಸುವುದು ಇದೇ ಲೆಕ್ಕಾಚಾರದಿಂದ. ಜಕಾರ್ಡ್ ಮಗ್ಗಕ್ಕೆ ವಿನ್ಯಾಸವನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಬಿಡಿಸುತ್ತಾರೆ. ಬಳಿಕ ಪ್ರತಿ ಚೌಕಕ್ಕೂ ಹಾಸಿನ ಎಳೆ ಮೇಲೇಳಬೇಕೋ ಬೇಡವೋ ಎಂಬುದನ್ನು ಕಾರ್ಡಿನಲ್ಲಿ ರಂಧ್ರ ಹೊಡೆದೋ ಬಿಟ್ಟೋ ತಿಳಿಸುತ್ತಾರೆ. ಹೌದು ಅಥವಾ ಇಲ್ಲ ಎಂಬ ಈ ಎರಡೇ ಉತ್ತರಗಳ ಭಾಷೆಯೇ ಕಂಪ್ಯೂಟರಿನ ಭಾಷೆಯೂ ಹೌದು. ನೇಕಾರರ ಊರುಗಳಾದ ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳ ಮಗುವಿಗೆ ಪಿಕ್ಸೆಲ್ಲನ್ನು ಮಗ್ಗದಿಂದ ವಿವರಿಸಿದರೆ ಅದು ಒಂದೇ ಅವಧಿಯಲ್ಲಿ ಮನದಟ್ಟಾಗುತ್ತದೆ. ಇಂಥ ಪಾಠ ಮುಂಬೈಯಲ್ಲಿ ಸಿದ್ಧವಾಗುವ ಏಕರೂಪದ ಕೈಪಿಡಿಯಲ್ಲಿ ಬರುವ ಸಾಧ್ಯತೆ ಕಡಿಮೆ, ಇಲ್ಲಿನ ಶಿಕ್ಷಕರೇ ಅದನ್ನು ಕಟ್ಟಬೇಕಾಗುತ್ತದೆ.

ಕನ್ನಡ ಅಕ್ಷರ ಎಲ್ಲಿ ಸಿಕ್ಕಿಬೀಳುತ್ತದೆ

ವಿನ್ಯಾಸ ಶಿಕ್ಷಣದ ಚರ್ಚೆಯಲ್ಲಿ ಅತ್ಯಂತ ಕಡಿಮೆ ಗಮನ ಸಿಕ್ಕಿರುವುದು ಲಿಪಿಯ ಪ್ರಶ್ನೆಗೆ. ಆದರೆ ನಿತ್ಯದ ಕೆಲಸದಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಇದೇ. ಕನ್ನಡದ ಅಕ್ಷರ ಅಡ್ಡಲಾಗಿ ಮಾತ್ರ ಬೆಳೆಯುವುದಿಲ್ಲ, ಕೆಳಕ್ಕೂ ಬೆಳೆಯುತ್ತದೆ. ‘ರಾಷ್ಟ್ರ’ ಎಂಬ ಒಂದು ಪದದಲ್ಲಿ ಷಕಾರಕ್ಕೆ ಎರಡು ಒತ್ತುಗಳು ಸೇರುತ್ತವೆ. ಇಂಗ್ಲಿಷಿಗೆಂದು ಹೊಂದಿಸಿದ ಸಾಲಿನ ಅಂತರವನ್ನು ಹಾಗೆಯೇ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಜಾಗ ಉಳಿಸಲೆಂದು ಅಕ್ಷರವನ್ನು ಅಡ್ಡಕ್ಕೆ ಒತ್ತಿ ಕಿರಿದು ಮಾಡಿದರೆ ಅದರ ದುಂಡು ಮುಚ್ಚಿಹೋಗಿ, ದೂರದಿಂದ ‘ಪ’ ಮತ್ತು ‘ವ’ ಒಂದೇ ಆಗಿ ಕಾಣುತ್ತವೆ. ರಸ್ತೆಬದಿಯ ಫ್ಲೆಕ್ಸುಗಳಲ್ಲಿ ಈ ತಪ್ಪು ದಿನವೂ ಕಣ್ಣಿಗೆ ಬೀಳುತ್ತದೆ.

ಇದರ ಹಿಂದೆ ಒಂದು ತಾಂತ್ರಿಕ ಇತಿಹಾಸವೂ ಇದೆ. ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಂಥ ತಂತ್ರಾಂಶಗಳು ಕನ್ನಡವನ್ನು ಮುದ್ರಣಾಲಯಗಳ ಕಂಪ್ಯೂಟರಿಗೆ ತಂದವು. ಅದು ಸಣ್ಣ ಸಾಧನೆಯಲ್ಲ. ಆದರೆ ಆ ಕಾಲದ ಫಾಂಟುಗಳು, ಎಲ್ಲ ಸಾಧನಗಳೂ ಒಂದೇ ಸಂಕೇತದಿಂದ ಅಕ್ಷರ ಗುರುತಿಸುವ ಯೂನಿಕೋಡ್ ಪದ್ಧತಿಯವಲ್ಲ. ಹಾಗಾಗಿ ಹಳೆಯ ಪದ್ಧತಿಯಲ್ಲಿ ಜೋಡಿಸಿದ ಆಮಂತ್ರಣ ಪತ್ರಿಕೆಯ ಪಠ್ಯವನ್ನು ಮೊಬೈಲಿಗೆ ನಕಲಿಸಿದರೆ ಅದು ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದಿಲ್ಲ, ಕುರುಡರಿಗಾಗಿ ಓದಿ ಹೇಳುವ ತಂತ್ರಾಂಶಕ್ಕೂ ಅದು ಓದಲಾಗದು. ಇನ್ನೊಂದೆಡೆ ಯೂನಿಕೋಡಿನ ಕನ್ನಡವನ್ನು ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ಹಾಕಿದಾಗ, ಭಾರತೀಯ ಲಿಪಿಗಳ ವ್ಯವಸ್ಥೆಯನ್ನು ಆಯ್ದುಕೊಳ್ಳದಿದ್ದರೆ ಒತ್ತು ಕಳಚಿಕೊಂಡು ಪಕ್ಕದಲ್ಲಿ ನಿಲ್ಲುತ್ತದೆ. ಅನುಭವಿ ಕೆಲಸಗಾರರೂ ಹಳೆಯ ಫಾಂಟುಗಳನ್ನು ಬಿಡದಿರಲು ಇದೊಂದು ಕಾರಣ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಮತ್ತು ಗಿಂಪ್ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ಕೂಡಿಸುತ್ತವೆ. ನೋಟೊ, ಬಲೂ ತಮ್ಮ, ಅನೇಕ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟುಗಳೂ ಈಗ ಲಭ್ಯವಿವೆ. ಕಲಿಕೆಯ ಆರಂಭದಲ್ಲೇ ಇವುಗಳ ರೂಢಿಯಾದರೆ ಮುಂದಿನ ತಲೆಮಾರು ಹಳೆಯ ತೊಡಕನ್ನು ಹೊತ್ತು ನಡೆಯಬೇಕಿಲ್ಲ.

ಬೆಳಗಾವಿಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಅಂಗಡಿಯ ಒಂದೇ ಫಲಕದಲ್ಲಿ ಕನ್ನಡ, ಇಂಗ್ಲಿಷ್, ಕೆಲವೊಮ್ಮೆ ದೇವನಾಗರಿಯೂ ಕೂಡಿ ಬರುವ ಊರಿನಲ್ಲಿ, ಅಳತೆಯನ್ನು ಪಾಲಿಸಿಯೂ ಫಲಕ ಚೆಂದವಾಗಿ, ಸ್ಪಷ್ಟವಾಗಿ ಕಾಣುವಂತೆ ಮಾಡುವುದು ಶುದ್ಧ ವಿನ್ಯಾಸದ ಸಮಸ್ಯೆ. ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳು ಇರುವ ಈ ಭಾಗದಲ್ಲಿ ಅಕ್ಷರ ವಿನ್ಯಾಸದ ಪಾಠ ಮೂರೂ ಲಿಪಿಗಳನ್ನು ಒಳಗೊಳ್ಳಬಹುದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಏಳನೇ ಶತಮಾನದ ಕನ್ನಡ ಅಕ್ಷರ ಬಂಡೆಯ ಮೇಲಿದೆ, ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲಿನ ಜಾಲರಿಯೇ ಬರಹವಾಗಿದೆ. ಮಾದರಿಗಳನ್ನು ಹುಡುಕಿ ಮಕ್ಕಳು ದೂರ ಹೋಗಬೇಕಾಗಿಲ್ಲ.

ಯಾರ ವಾದ ಏನು

ಉದ್ಯಮದ ಪರವಾಗಿ ಮಾತನಾಡುವವರು ಕೆಲಸಗಾರರ ಕೊರತೆಯನ್ನು ಮುಂದಿಡುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಕರ್ನಾಟಕ 2012ರಲ್ಲೇ ಈ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ರೂಪಿಸಿತ್ತು, ಈಗ 2024-29ರ ನೀತಿ ಜಾರಿಯಲ್ಲಿದೆ. ಆದರೆ ಈ ಉದ್ಯಮ ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿದೆ. ಮುಧೋಳ ಅಥವಾ ಸಿಂದಗಿಯ ಮಗುವಿಗೆ ಅನಿಮೇಷನ್ ಕಲಿಸಿ ಸ್ಥಳೀಯ ಕೆಲಸದ ದಾರಿ ತೋರಿಸದಿದ್ದರೆ, ಅದು ವಲಸೆಯ ಇನ್ನೊಂದು ಟಿಕೆಟ್ ಆಗುತ್ತದೆ.

ಪಾಲಕರಲ್ಲಿ ಮತ್ತು ಇತರ ವಿಷಯಗಳ ಶಿಕ್ಷಕರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಚಿಂತೆ ಇದೆ. ಗಣಿತ, ವಿಜ್ಞಾನದ ಅವಧಿಯನ್ನು ಕಡಿಮೆ ಮಾಡಿ ಚಿತ್ರಕ್ಕೆ ಕೊಡುವುದೇ, ಮೊಬೈಲಿಗೆ ಅಂಟಿಕೊಂಡ ಮಕ್ಕಳನ್ನು ಮತ್ತೆ ಪರದೆಯ ಮುಂದೆ ಕೂರಿಸುವುದೇ ಎಂಬುದು ಅವರ ಆತಂಕ. ಇದನ್ನು ಹಳೆಯ ಕಾಲದ ಮನೋಭಾವ ಎಂದು ತಳ್ಳಿಹಾಕುವುದು ತಪ್ಪು. ಅಂಕವಿಲ್ಲದ ವಿಷಯದ ಅವಧಿಯನ್ನು ಪರೀಕ್ಷೆ ಹತ್ತಿರವಾದಂತೆ ಬೇರೆ ವಿಷಯಕ್ಕೆ ಬಿಟ್ಟುಕೊಡುವುದು ಚಿತ್ರಕಲೆಯ ತರಗತಿಯ ನಿತ್ಯದ ಅನುಭವ. ಹೊಸ ಲ್ಯಾಬಿಗೂ ಅದೇ ಗತಿ ಬರಬಹುದು.

ಚಿತ್ರಕಲಾ ಶಿಕ್ಷಕರ ವಾದ ಕೈಯಿಂದ ಆರಂಭವಾಗಬೇಕು ಎಂಬುದು. ಇದಕ್ಕೆ ದೇಶದ ಉನ್ನತ ವಿನ್ಯಾಸ ಶಿಕ್ಷಣವೇ ಸಾಕ್ಷಿ ಒದಗಿಸುತ್ತದೆ. ಐಐಟಿಗಳ ವಿನ್ಯಾಸ ಪದವಿಗೆ ಪ್ರವೇಶ ಕೊಡುವ ಯುಸೀಡ್ ಪರೀಕ್ಷೆಯ 300 ಅಂಕಗಳಲ್ಲಿ 100 ಅಂಕ ಕಾಗದದ ಮೇಲೆ ಕೈಯಿಂದ ಬಿಡಿಸುವ ಭಾಗಕ್ಕೆ ಮೀಸಲು, ಯಾವುದೇ ತಂತ್ರಾಂಶದ ಜ್ಞಾನವನ್ನು ಅಲ್ಲಿ ಕೇಳುವುದಿಲ್ಲ. ದ್ವಿತೀಯ ಪಿಯುಸಿಯನ್ನು ವಿಜ್ಞಾನ, ವಾಣಿಜ್ಯ, ಕಲೆ ಯಾವುದರಲ್ಲಿ ಓದಿದವರೂ ಇದನ್ನು ಬರೆಯಬಹುದು ಎಂಬುದು ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳಿಗೆ ತಲುಪದ ಮಾಹಿತಿ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುವುದು ಕನ್ನಡ ಮಾಧ್ಯಮದ ಮಕ್ಕಳಿಗೆ ದೊಡ್ಡ ಅಡ್ಡಿ ಎಂಬುದೂ ಅಷ್ಟೇ ನಿಜ.

ಎಐ ಬಂದ ಮೇಲೆ ಕಲಿಯುವುದೇಕೆ?

ಪದ ಕೊಟ್ಟರೆ ಚಿತ್ರ ಕೊಡುವ ಯಂತ್ರ ಬಂದಿರುವಾಗ ಈ ಶಿಕ್ಷಣ ಬೇಕೇ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಸರಳವಾದ, ಒಂದೇ ಬಗೆಯ ಕೆಲಸ ಕಡಿಮೆಯಾಗುವುದು ಖಚಿತ. ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸಿಗೆ ಹಿನ್ನೆಲೆ ಹೊಂದಿಸುವುದನ್ನಷ್ಟೇ ಕಲಿತವನ ಕೆಲಸ ಮೊದಲು ಹೋಗುತ್ತದೆ. ಆದ್ದರಿಂದಲೇ ಗುಂಡಿ ಒತ್ತುವುದನ್ನು ಮಾತ್ರ ಕಲಿಸುವ ಪಾಠ ಇಂದು ಹಿಂದಿಗಿಂತ ಹೆಚ್ಚು ಅಪಾಯಕಾರಿ. ಎರಡನೆಯದಾಗಿ, ಯಂತ್ರ ಕೊಟ್ಟ ಹತ್ತು ಚಿತ್ರಗಳಲ್ಲಿ ಯಾವುದು ಸರಿ, ಕಸೂತಿಯ ಹೆಸರಿನಲ್ಲಿ ಬಂದದ್ದು ನಿಜವಾಗಿ ಎಳೆ ಎಣಿಸಿ ಹೊಲಿಯಬಲ್ಲ ವಿನ್ಯಾಸವೋ ಬರೀ ಹಾಗೆ ಕಾಣುವ ಗೆರೆಗಳೋ, ಕನ್ನಡದ ಒತ್ತು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಹೇಳಬಲ್ಲವರು ಬೇಕೇ ಬೇಕು. ಚಿತ್ರವನ್ನು ಹೇಗೆ ತಿದ್ದುತ್ತಾರೆ ಎಂದು ಕಲಿತ ಮಗು ಸುಳ್ಳು ಚಿತ್ರವನ್ನು ಅನುಮಾನಿಸುವುದನ್ನೂ ಕಲಿಯುತ್ತದೆ.

ಇಲ್ಲಿ ಕಾನೂನಿನ ಒಂದು ಮಾತು ಸೇರಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸುತ್ತದೆ. ಖಾತೆ ತೆರೆದೇ ಬಳಸಬೇಕಾದ ಅಂತರ್ಜಾಲದ ಸಾಧನಗಳಿಗಿಂತ, ಕಂಪ್ಯೂಟರಿನಲ್ಲೇ ಉಳಿದು ಇಂಟರ್ನೆಟ್ ಇಲ್ಲದೆಯೂ ನಡೆಯುವ ಉಚಿತ ತಂತ್ರಾಂಶಗಳು ಶಾಲೆಗೆ ಸೂಕ್ತ ಎನ್ನಲು ಇದು ಗಟ್ಟಿ ಕಾರಣ.

ನಿರ್ಣಾಯಕ ಪ್ರಶ್ನೆ: ಪಾಠ ಯಾರದು?

ಕರ್ನಾಟಕದ ಶಾಲೆಗಳು ಕಂಪ್ಯೂಟರನ್ನು ಮೊದಲ ಬಾರಿಗೆ ನೋಡುತ್ತಿಲ್ಲ. ಮಾಹಿತಿ ಸಿಂಧು, ಐಸಿಟಿ ಯೋಜನೆಯ ಹಲವು ಹಂತಗಳು, ಬಳಿಕ ತಂತ್ರಜ್ಞಾನದ ನೆರವಿನಿಂದ ಕಲಿಸುವ ಟಾಲ್ಪ್ ಕಾರ್ಯಕ್ರಮ ಎಂದು ಸುಮಾರು ಎರಡೂವರೆ ದಶಕಗಳ ಅನುಭವ ನಮಗಿದೆ. ಈ ಅನುಭವದ ಪಾಠ ಸ್ಪಷ್ಟ. ಗುತ್ತಿಗೆಯ ಅವಧಿ ಇರುವಷ್ಟು ಕಾಲ ಬೋಧಕರಿರುತ್ತಾರೆ, ದುರಸ್ತಿಯೂ ನಡೆಯುತ್ತದೆ. ಅವಧಿ ಮುಗಿದ ಮೇಲೆ ಬ್ಯಾಟರಿ ಸತ್ತ ಯುಪಿಎಸ್ ಮತ್ತು ಬೀಗ ಹಾಕಿದ ಕೋಣೆ ಉಳಿಯುತ್ತದೆ. ಯಂತ್ರಕ್ಕೆ ಹಣ ಒಮ್ಮೆ ಬೇಕು, ಶಿಕ್ಷಕರಿಗೆ ಪ್ರತಿ ತಿಂಗಳು ಬೇಕು. ಯೋಜನೆಗಳು ಮೊದಲನೆಯದನ್ನು ಸುಲಭವಾಗಿ ಕೊಡುತ್ತವೆ, ಎರಡನೆಯದನ್ನು ಕೊಡಲು ಹಿಂಜರಿಯುತ್ತವೆ.

ಲ್ಯಾಬಿನ ಬೀಗದ ಕೈ ಕಂಪ್ಯೂಟರ್ ಬೋಧಕರ ಕೈಗೆ ಹೋದರೆ ಪಾಠವು ಮೆನುಗಳ ಪರಿಚಯವಾಗಿ ಮುಗಿಯುತ್ತದೆ. ಚಿತ್ರಕಲಾ ಶಿಕ್ಷಕರ ಕೈಗೆ ಹೋದರೆ ಸಂಯೋಜನೆ, ಬಣ್ಣ, ಅಕ್ಷರಗಳಿಂದ ಪಾಠ ಶುರುವಾಗುತ್ತದೆ. ಆದರೆ ಅವರಲ್ಲಿ ಅನೇಕರಿಗೆ ತಂತ್ರಾಂಶದ ತರಬೇತಿ ಸಿಕ್ಕಿಲ್ಲ. ಈ ಎರಡು ಕೊರತೆಗಳಲ್ಲಿ ಯಾವುದನ್ನು ತುಂಬುವುದು ಸುಲಭ? ರೇಖೆ ಮತ್ತು ಬಣ್ಣ ಬಲ್ಲವರಿಗೆ ಇಂಕ್‌ಸ್ಕೇಪನ್ನು ಒಂದು ಬೇಸಿಗೆ ರಜೆಯಲ್ಲಿ ಕಲಿಸಬಹುದು. ತಂತ್ರಾಂಶ ಬಲ್ಲವರಿಗೆ ಕಣ್ಣಿನ ಸಂಸ್ಕಾರವನ್ನು ಅಷ್ಟೇ ಅವಧಿಯಲ್ಲಿ ಕೊಡಲಾಗದು. ಆದ್ದರಿಂದ ಡಿಜಿಟಲ್ ಚಿತ್ರಕಲೆಯ ಹೊಣೆ ಚಿತ್ರಕಲಾ ಶಿಕ್ಷಕರದ್ದೇ ಆಗಬೇಕು, ಕಂಪ್ಯೂಟರ್ ಬೋಧಕರು ಜೊತೆಗಿರಬೇಕು. ಈ ಕ್ರಮ ಸಾಧ್ಯವಾಗಬೇಕಾದರೆ ಖಾಲಿ ಇರುವ ಚಿತ್ರಕಲಾ ಶಿಕ್ಷಕರ ಹುದ್ದೆಗಳನ್ನು ತುಂಬಬೇಕು. ಲ್ಯಾಬಿನ ಸುದ್ದಿಯಲ್ಲಿ ಕಾಣೆಯಾಗಿರುವುದು ಈ ವಿಷಯವೇ: ಬಜೆಟ್ ಭಾಷಣದ ಆ ವಾಕ್ಯದಲ್ಲಿ ಲ್ಯಾಬ್ ಇದೆ, ಶಿಕ್ಷಕರ ಮಾತಿಲ್ಲ.

ಮುಂದೆ ಕಾಣುವ ಪರಿಣಾಮಗಳು

ಲ್ಯಾಬ್ ಬಂದು ಶಿಕ್ಷಕರು ಬಾರದಿದ್ದರೆ ಮೊದಲ ಪರಿಣಾಮ ಕಾಣುವುದು ಖಾಸಗಿ ತರಬೇತಿ ಕೇಂದ್ರಗಳಲ್ಲಿ. ಶಾಲೆಯಲ್ಲಿ ಹುಟ್ಟಿದ ಆಸೆಯನ್ನು ಪೂರೈಸಲು ಪಾಲಕರು ಮೂರು ತಿಂಗಳ ಕೋರ್ಸುಗಳಿಗೆ ಹಣ ಕಟ್ಟುತ್ತಾರೆ. ನಗರದ ಖಾಸಗಿ ಶಾಲೆಯ ಮಗುವಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಇರುತ್ತದೆ, ಬಸವನ ಬಾಗೇವಾಡಿಯ ಹಳ್ಳಿಯ ಮಗುವಿಗೆ ವಾರಕ್ಕೊಂದು ಅವಧಿಯೂ ಖಾತ್ರಿ ಇರುವುದಿಲ್ಲ. ಅಂತರ ಹಿಗ್ಗುತ್ತದೆ. ಶಿಕ್ಷಕರು ಬಂದು ಮೌಲ್ಯಮಾಪನದಲ್ಲಿ ಜಾಗ ಸಿಗದಿದ್ದರೆ ಪಾಠ ಜನವರಿಯವರೆಗೆ ನಡೆದು ನಿಲ್ಲುತ್ತದೆ. ಇದಕ್ಕೆ ಒಂದು ದಾರಿ, ಎನ್‌ಎಸ್‌ಕ್ಯೂಎಫ್ ವಿಷಯಗಳ ಪಟ್ಟಿಗೆ ವಿನ್ಯಾಸವನ್ನು ಸೇರಿಸುವುದು. ಆದರೆ ಹಾಗೆ ಮಾಡಿದಾಗ ಮಗು ತೃತೀಯ ಭಾಷೆಯನ್ನು ಬಿಡಬೇಕಾಗುತ್ತದೆ. ತೃತೀಯ ಭಾಷೆಯ ಸ್ಥಾನವೇ ರಾಜ್ಯದಲ್ಲಿ ಚರ್ಚೆಯಲ್ಲಿರುವುದರಿಂದ, ಈ ಎರಡು ನಿರ್ಧಾರಗಳು ಒಂದರ ಮೇಲೊಂದು ಅವಲಂಬಿಸಿವೆ. ಇನ್ನೊಂದು ದಾರಿ, ಲೋವರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಅಕ್ಷರ ವಿನ್ಯಾಸ ಮತ್ತು ಡಿಜಿಟಲ್ ಚಿತ್ರದ ಒಂದು ಪತ್ರಿಕೆಯನ್ನು ಸೇರಿಸುವುದು. ಇದಕ್ಕೆ ಹೊಸ ವ್ಯವಸ್ಥೆ ಬೇಕಿಲ್ಲ, ಇರುವ ಪರೀಕ್ಷೆಯನ್ನೇ ಹಿಗ್ಗಿಸಿದರೆ ಸಾಕು, ಲ್ಯಾಬ್ ಇಲ್ಲದ ಶಾಲೆಯ ಮಕ್ಕಳೂ ಅಕ್ಷರ ವಿನ್ಯಾಸದ ಭಾಗವನ್ನು ಕೈಯಿಂದ ಬರೆಯಬಹುದು. ಎರಡರಲ್ಲಿ ಇದೇ ಹೆಚ್ಚು ಕಾರ್ಯಸಾಧ್ಯವಾಗಿ ಕಾಣುತ್ತದೆ.

ಎಲ್ಲವೂ ಕೂಡಿಬಂದರೆ ಸ್ಥಳೀಯವಾಗಿ ಆಗುವ ಬದಲಾವಣೆ ಅನಿಮೇಷನ್ ಸ್ಟುಡಿಯೊಗಳಿಗಿಂತ ಮೊದಲು ಮಗ್ಗ, ಮುದ್ರಣಾಲಯ ಮತ್ತು ಪೊಟ್ಟಣಗಳಲ್ಲಿ ಕಾಣಿಸೀತು. ವಿಜಯಪುರದ ಒಣದ್ರಾಕ್ಷಿ, ಬೆಳಗಾವಿಯ ಕುಂದಾ, ಮಹಿಳಾ ಸ್ವಸಹಾಯ ಸಂಘಗಳ ರೊಟ್ಟಿ ಮತ್ತು ಚಟ್ನಿಪುಡಿ ಊರಾಚೆಯ ಮಾರುಕಟ್ಟೆಗೆ ಹೋಗುವಾಗ ಅವಕ್ಕೆ ಲೇಬಲ್ ಬೇಕು, ಪೆಟ್ಟಿಗೆ ಬೇಕು, ಮೊಬೈಲಿನಲ್ಲಿ ತೋರಿಸುವ ಚಿತ್ರ ಬೇಕು. ಇಳಕಲ್ಲದ ನೇಕಾರರಿಗೆ ಹಳೆಯ ವಿನ್ಯಾಸಗಳನ್ನು ಗ್ರಾಫಿನಿಂದ ಕಂಪ್ಯೂಟರಿಗೆ ಇಳಿಸಿ ಕಾಪಿಡುವವರು ಬೇಕು. ಪ್ರೌಢಶಾಲೆಯ ಎರಡು ವರ್ಷಗಳಲ್ಲಿ ಯಾರೂ ಪೂರ್ಣ ವಿನ್ಯಾಸಕಾರರಾಗುವುದಿಲ್ಲ. ಆದರೆ 10ನೇ ತರಗತಿ ಮುಗಿಸಿದ ಮಗುವಿಗೆ ಐಟಿಐಯ ಡಿಟಿಪಿ ಕೋರ್ಸು, ದೃಶ್ಯಕಲಾ ಪದವಿ, ಯುಸೀಡ್ ಅಥವಾ ಮನೆಯ ಮಗ್ಗ ಇವುಗಳಲ್ಲಿ ಯಾವ ಕಡೆಗೆ ಹೋಗಬೇಕೆಂಬ ಅಂದಾಜು ಸಿಗುತ್ತದೆ. ಈಗ ಆ ಆಯ್ಕೆಗಳು ಇವೆ ಎಂಬುದೇ ಬಹುತೇಕರಿಗೆ ಗೊತ್ತಾಗುವುದು ಪಿಯುಸಿಯ ವಿಭಾಗ ಆರಿಸಿಕೊಂಡು ಮುಗಿದ ಮೇಲೆ.